ರಾಮೇಶ್ವರದಲ್ಲಿ ಮೂರು ದಿನ

ಮದ್ದೂರಿನ ದೇವಸ್ಥಾನದ ಬೀದಿಯ ಆ ಮನೆಯಲ್ಲಿ ರಾಮೇಶ್ವರದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಬಾರದೆಂದು ಯಾರೂ ಕಟ್ಟಪ್ಪಣೆ ಮಾಡಿದ್ದೇನಲ್ಲ. ನೆಂಟರಲ್ಲಿ ಯಾರಾದರೂ ಯಾತ್ರೆಗೆ ಹೊರಟ ಸುದ್ದಿ ಬಂದರೆ ‘ಕಾಶಿ’ ಎನ್ನುವಲ್ಲಿಗೆ ನಿಲ್ಲಿಸಿ, ಅದರ ಜೊತೆಯ ಹೆಸರನ್ನು ನುಂಗಿಕೊಂಡುಬಿಡುತ್ತಿದ್ದರು, ಅಷ್ಟೆ. ಅಂಥ ಮನೆಯ ನಡುಮನೆಯಲ್ಲಿ ಆ ಕಾರ್ತಿಕದ ಭಾನುವಾರ ರಾಮಾನುಜ ರೈಲ್ವೆ ಟೈಂಟೇಬಲ್ಲು ಹರಡಿಕೊಂಡು ಕೂತು, “ಮದ್ರಾಸಿನಲ್ಲಿ ಗಾಡಿ ಹತ್ತಿದರೆ ಮಾರನೆಯ ದಿನ ರಾಮೇಶ್ವರ” ಎಂದು ಗಟ್ಟಿಯಾಗಿ ಓದಿದ. ಒಲೆಯ ಮುಂದೆ ಹುಳಿ ತಿರುವುತ್ತಿದ್ದ ಅವನ ಅತ್ತಿಗೆ ಸರಸಮ್ಮನ ಕೈ ಅಲ್ಲೇ ನಿಂತಿತು.

ರಾಮಾನುಜ ಮಂಡ್ಯದ ಬ್ಯಾಂಕಿನಲ್ಲಿ ಗುಮಾಸ್ತ, ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಸಂಸಾರ. ಮದ್ದೂರಿನ ಮನೆಯಲ್ಲಿ ಇದ್ದವರು ಅವನ ತಾಯಿ ತಿರುಮಲಮ್ಮ, ಅತ್ತಿಗೆ ಸರಸಮ್ಮ, ಅತ್ತಿಗೆಯ ಒಬ್ಬಳೇ ಮಗಳು ರಂಗನಾಯಕಿ. ಮನೆಯ ಹಿರಿಯ ಮಗ ತಿರುನಾರಾಯಣ ಮದ್ದೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ. ಅರವತ್ತನಾಲ್ಕರ ಡಿಸೆಂಬರಿನಲ್ಲಿ, ತಾಯಿಯ ಹರಕೆ ತೀರಿಸಲು, ಸ್ಕೂಲಿನ ಇನ್ನೊಬ್ಬ ಮೇಷ್ಟ್ರು ವೆಂಕಟರಾಮಯ್ಯನವರ ಜೊತೆ ರಾಮೇಶ್ವರಕ್ಕೆ ಹೋದ. ಅಲ್ಲಿಂದ ಸೇತುಸ್ನಾನಕ್ಕೆಂದು ಧನುಷ್ಕೋಟಿಯ ಕಡೆ ಒಬ್ಬನೇ ಹೊರಟ. ಆ ರಾತ್ರಿ ಎದ್ದ ಚಂಡಮಾರುತದಲ್ಲಿ ಧನುಷ್ಕೋಟಿಯ ರೈಲು ಸಮುದ್ರದ ಪಾಲಾಯಿತು. ಅವನು ಆ ರೈಲು ಹತ್ತಿದ್ದನ್ನು ಕಣ್ಣಾರೆ ಕಂಡವರಿಲ್ಲ, ಹೆಣವೂ ಸಿಗಲಿಲ್ಲ. ಕೆಲವರನ್ನು ಸಿಲೋನಿನ ದೋಣಿಯವರು ಎತ್ತಿಕೊಂಡು ಹೋದರಂತೆ ಎಂದು ಯಾರೋ ಹೇಳಿದ ಒಂದು ಮಾತನ್ನು ಹಿಡಿದುಕೊಂಡು, “ಮುಖ ಕಾಣದೆ ನನ್ನ ಮಗನಿಗೆ ಎಳ್ಳುನೀರು ಬಿಡಿಸೋಲ್ಲ” ಎಂದು ತಿರುಮಲಮ್ಮನವರು ಹಟ ಹಿಡಿದರು. ಹೀಗೆ ಸರಸಮ್ಮ ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ ಇಟ್ಟುಕೊಂಡೇ ಹನ್ನೆರಡು ವರ್ಷ ಕಳೆದಳು. ಅಕ್ಕಪಕ್ಕದವರು ಅರಿಶಿನ ಕುಂಕುಮಕ್ಕೆ ಕರೆಯಬೇಕೋ ಬೇಡವೋ ತಿಳಿಯದೆ ಒಂದು ಸಲ ಕರೆಯುತ್ತಿದ್ದರು, ಒಂದು ಸಲ ಮರೆತಂತೆ ಇದ್ದುಬಿಡುತ್ತಿದ್ದರು. ಕರೆದರೂ ಅವಳು ಹೋಗುತ್ತಿರಲಿಲ್ಲ.

ಈಗ ರಂಗನಾಯಕಿಗೆ ಸಂಬಂಧ ಕೂಡಿಬಂದಿತ್ತು. ಹುಡುಗ ಮಳವಳ್ಳಿಯವನು, ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಹುಡುಗನ ತಂದೆ ಒಳ್ಳೆಯ ಮನುಷ್ಯರೇ. ಕಾಫಿ ಕುಡಿದು ಲೋಟ ಕೆಳಗಿಟ್ಟು, ಬಹಳ ಸಂಕೋಚದಿಂದ ಒಂದು ಮಾತು ಕೇಳಿದರು: “ಲಗ್ನಪತ್ರಿಕೆಯಲ್ಲಿ ಹುಡುಗಿಯ ತಂದೆಯವರ ಹೆಸರಿನ ಹಿಂದೆ ಏನಂತ ಹಾಕಿಸೋಣ? ತಪ್ಪು ತಿಳೀಬೇಡಿ. ಶ್ರೀ ಅಂತ ಹಾಕಿಸಿದರೆ ಧಾರೆ ಎರೆಯೋಕೆ ಅವರೆಲ್ಲಿ ಅಂತ ಕೇಳ್ತಾರೆ. ಇನ್ನೊಂದು ಹಾಕಿಸೋಣ ಅಂದ್ರೆ...” ಆ ಇನ್ನೊಂದನ್ನು ಅವರು ಹೇಳಲಿಲ್ಲ.

ತಿರುಮಲಮ್ಮನವರು ಅವತ್ತು ಊಟಕ್ಕೆ ಏಳಲಿಲ್ಲ. ಮಾರನೆಯ ದಿನ ಸ್ನಾನ ಮುಗಿಸಿ ಬಂದವರೇ, ಕರ್ಮ ಮಾಡಿಸಿಬಿಡೋಣವೆಂದು ಮಂಡ್ಯದ ಮಗನಿಗೆ ಹೇಳಿಕಳಿಸಿದರು. ಪುರೋಹಿತರು ಶಾಸ್ತ್ರ ನೋಡಿ, ಹನ್ನೆರಡು ವರ್ಷ ಸುದ್ದಿಯೇ ಇಲ್ಲದವರಿಗೆ ದರ್ಭೆಯಲ್ಲಿ ಒಂದು ಪ್ರತಿಕೃತಿ ಮಾಡಿ ಸಂಸ್ಕಾರ ಮಾಡಬಹುದು, ಪುಷ್ಯದ ಅಮಾವಾಸ್ಯೆ ಒಳ್ಳೆಯ ದಿನ, ಹೋದ ಜಾಗದಲ್ಲೇ ಮಾಡಿದರೆ ಇನ್ನೂ ಶ್ರೇಷ್ಠ ಎಂದರು.

“ಅಮಾವಾಸ್ಯೆಯ ಬೆಳಿಗ್ಗೆ ಇಳಿಯೋದು, ಕರ್ಮ ಮುಗಿಸೋದು, ಸಾಯಂಕಾಲದ ಗಾಡಿ ಹತ್ತೋದು” ಎಂದ ರಾಮಾನುಜ ಆ ಭಾನುವಾರ, ಟೈಂಟೇಬಲ್ಲು ಮಡಿಸುತ್ತ. “ಉಳಿದದ್ದೆಲ್ಲ ಇಲ್ಲಿ ಮನೇಲಿ. ಅವತ್ತು ಅಲ್ಲಿ ಕಾಲಿಡೋಕೂ ಜಾಗ ಇರೋಲ್ಲವಂತೆ. ಅತ್ತಿಗೆ, ನೀವು ಎರಡು ಸೀರೆ ಇಟ್ಟುಕೊಂಡರೆ ಸಾಕು.”

“ಹೂಂ” ಎಂದಳು ಸರಸಮ್ಮ.

ಸುದ್ದಿ ಹೇಗೋ ಮೊಸರು ಮಾರುವ ಬೆಳ್ಳಮ್ಮನ ಕಿವಿಗೂ ಬಿತ್ತು. ಏಕೆ ಹೋಗುತ್ತಿದ್ದಾರೆಂಬುದು ಮಾತ್ರ ಬೀಳಲಿಲ್ಲ. ಜಗಲಿಯ ಮೇಲೆ ಗಡಿಗೆ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, “ಅವ್ವಾರೇ, ರಾಮೇಸ್ವರಕ್ಕೆ ಓಯ್ತೀರಂತಲ್ಲ! ಪುಣ್ಯ ಮಾಡಿದ್ರಿ ಕಣಮ್ಮ. ನಮ್ಮಂತೋರ್ಗೆ ಎಲ್ಬಂದದು ಆ ಬಾಗ್ಯ” ಎಂದಳು.

ಸರಸಮ್ಮ ಪಾತ್ರೆ ಚಾಚಿದಳು.

“ಅಲ್ಲೇ ಎಲ್ಲಾರಾ ಅಯ್ನೋರು ಸಿಕ್ಕುದ್ರೂ ಸಿಕ್ಕಾರು, ಯಾರ್ ಕಂಡೋರು?” ಬೆಳ್ಳಮ್ಮ ಮೊಸರು ಅಳೆಯುತ್ತ ಹೇಳಿದಳು. “ನಮ್ಮೂರ್ ಅಂಕಯ್ಯ ಮನೆ ಬುಟ್ಟು ಓದೋನು, ಎಂಡ್ರು ಅತ್ತೂ ಅತ್ತೂ ಸುಮ್ಕಾಗ್ಬುಟ್ಟಿದ್ಲು. ಒಂದಿನ ಸಂತೆಯಿಂದ ಬಂದಂಗೆ ಬಂದು ಬಾಗ್ಲಲ್ಲಿ ನಿಂತ್ಕಂಡ ಕಣಮ್ಮ. ನೀವೂ ಉಸಾರಾಗಿ ಉಡುಕ್ಸಿ, ಬುಡ್ಬ್ಯಾಡಿ.”

“ಆಗಲಿ ಬೆಳ್ಳಮ್ಮ” ಎಂದು ಸರಸಮ್ಮ ಒಳಗೆ ಬಂದಳು. ಅಡುಗೆಮನೆಯಲ್ಲಿ ಪಾತ್ರೆ ಇಟ್ಟು, ಗೋಡೆಗೆ ಒರಗಿ ಬಹಳ ಹೊತ್ತು ನಿಂತಳು. ಇಷ್ಟು ವರ್ಷ ಅವಳೂ ಬೀದಿಯಲ್ಲಿ ಸೈಕಲ್ಲಿನ ಬೆಲ್ಲು ಆದಾಗಲೆಲ್ಲ ಹೀಗೇ ನಿಂತವಳು. ಯಾರೋ ಬಂದು ‘ಇನ್ನು ಬೇಡ, ಮುಗಿಯಿತು’ ಎಂದರೆ ಎದೆಯ ಭಾರ ಇಳಿದೀತೆಂದು ಒಂದೊಂದು ಸಲ ಅನ್ನಿಸಿದ್ದೂ ಉಂಟು. ಈಗ ಹಾಗೇ ಹೇಳಿದ್ದಾರೆ. ಏನೂ ಇಳಿಯಲಿಲ್ಲ.

ಅಲ್ಲಿಯ ಸ್ನಾನಘಟ್ಟ, ಪುರೋಹಿತರು, ಛತ್ರ ಇವೆಲ್ಲ ಗೊತ್ತಿದ್ದವರು ವೆಂಕಟರಾಮಯ್ಯನವರೊಬ್ಬರೇ. ಆ ದುರಂತವಾದ ಮೇಲೆ ಅವರು ವರ್ಗ ಮಾಡಿಸಿಕೊಂಡು ಮಂಡ್ಯಕ್ಕೆ ಹೋದರು, ನಿವೃತ್ತರಾಗಿ ಅಲ್ಲೇ ಉಳಿದರು. ಈ ಮನೆಯ ಹೊಸ್ತಿಲನ್ನು ಮತ್ತೆ ತುಳಿದಿರಲಿಲ್ಲ. “ಕೇಳಿಕೊಂಡು ಬರ್ತೀನಿ” ಎಂದು ರಾಮಾನುಜ ಹೊರಟಾಗ ಸರಸಮ್ಮ, “ನಾನೂ ಬರ್ತೀನಿ” ಎಂದಳು. ರಾಮಾನುಜ ತಾಯಿಯ ಮುಖ ನೋಡಿದ. ತಿರುಮಲಮ್ಮನವರು ಬೇಡ ಎನ್ನಲಿಲ್ಲ.

ಕಬ್ಬು ಅರೆಯುವ ಕಾಲ. ಗೆಜ್ಜಲಗೆರೆ ದಾಟಿದ ಮೇಲೆ ಬಸ್ಸು ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಸಿಕ್ಕಿಕೊಂಡು ತೆವಳುತ್ತ, ಮಂಡ್ಯ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ವೆಂಕಟರಾಮಯ್ಯನವರು ಬಾಗಿಲಲ್ಲಿ ಸರಸಮ್ಮನನ್ನು ಕಂಡು, “ಬನ್ನಿ” ಎನ್ನಲೂ ಆಗದೆ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು.

ರಾಮಾನುಜ ಬಂದ ವಿಷಯ ಹೇಳಿದ. ಅವರು ಛತ್ರದ ಹೆಸರು ಹೇಳಿದರು, ಪುರೋಹಿತರ ಗುರುತು ಹೇಳಿದರು. ಆಮೇಲೆ ಯಾರೂ ಕೇಳದೆಯೇ ಹೇಳಿದರು: “ಅವತ್ತು ನನಗೆ ಹೊಟ್ಟೆ ಕೆಟ್ಟು ಮಲಗಿಬಿಟ್ಟಿದ್ದೆ ತಾಯಿ. ಗಾಳಿ ಜೋರಾಗಿದೆ, ನಾಳೆ ಇಬ್ಬರೂ ಹೋಗೋಣ ಅಂದೆ. ‘ಅಮ್ಮ ಮೊದಲು ಕೇಳೋದೇ ಸೇತುಸ್ನಾನ ಆಯ್ತೆ ಅಂತ. ಮುಗಿಸಿಕೊಂಡು ಬಂದುಬಿಡ್ತೀನಿ’ ಅಂದ. ಧನುಷ್ಕೋಟಿಯ ಗಾಡಿ ಹಿಡಿಯೋಕೆ ಪಾಂಬನ್ನಿನ ಕಡೆ ಹೋದ. ಅಷ್ಟೇ ನಾನು ನೋಡಿದ್ದು.”

ಇದು ಎಲ್ಲರಿಗೂ ಗೊತ್ತಿದ್ದ ಮಾತು. ಸರಸಮ್ಮ ತಲೆ ಬಗ್ಗಿಸಿಕೊಂಡು, “ಅದಕ್ಕೆ ಮುಂಚೆ ಹೇಗಿದ್ದರು ಮೇಷ್ಟ್ರೇ? ಆ ಹಗಲು?” ಎಂದು ಕೇಳಿದಳು.

ವೆಂಕಟರಾಮಯ್ಯನವರು ಕನ್ನಡಕ ಹಾಕಿಕೊಂಡರು. “ಆ ಹಗಲೆಲ್ಲ ಅವನು ಛತ್ರ ನೋಡಿಕೊಳ್ಳೋ ಪಾರುಪತ್ತೇದಾರನ ಹಿಂದೆ ಬಿದ್ದಿದ್ದ. ನಿಮ್ಮ ಅಯ್ಯಂಗಾರರ ಮನೆ ತಮಿಳು ಕೇಳಿ ಆತ ಬಿದ್ದು ಬಿದ್ದು ನಗೋನು. ಬೇಸಿಗೆ ರಜಕ್ಕೆ ಸಂಸಾರ ಕರಕೊಂಡು ಬರ್ತೀನಿ, ಮಹಡಿ ಮೇಲೆ ಸಮುದ್ರ ಕಾಣೋ ಕೋಣೆ ಕೊಡ್ತೀರಾ? ಅಡುಗೆ ಮಾಡಿಕೊಳ್ಳಬಹುದಾ? ಹಾಲು ಎಲ್ಲಿ ಸಿಗುತ್ತೆ? ಎಷ್ಟು ದಿನ ಅಂತ ಆತ ಕೇಳಿದ್ದಕ್ಕೆ, ಮೂರು ದಿನ ಬೇಕೇ ಬೇಕು ಅಂದ. ಮೂರು ದಿನ ಏನಯ್ಯಾ ಮಾಡ್ತೀಯ ಅಂತ ನಾನೇ ರೇಗಿಸಿದೆ.” ಅವರು ತಡೆದು ಸರಸಮ್ಮನ ಕಡೆ ನೋಡಿದರು. “‘ನಮ್ಮವಳಿಗೆ ನೀರು ಕಂಡರೆ ಭಯ ಕಣ್ರೀ. ಮೊದಲನೇ ದಿನ ದೂರದಲ್ಲಿ ಕೂತು ನೋಡಲಿ. ಎರಡನೇ ದಿನ ಪಾದ ನೆನೆಸಲಿ. ಮೂರನೇ ದಿನ ಸ್ನಾನಕ್ಕಿಳಿಸ್ತೀನಿ’ ಅಂದ.”

ಸರಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅದು ನಿಜ. ಚಿಕ್ಕಂದಿನಿಂದ ಅವಳಿಗೆ ನೀರೆಂದರೆ ಜೀವ ಹಾರುತ್ತಿತ್ತು. ಶಿಂಷೆ ತುಂಬಿದರೆ ಸೇತುವೆಯ ಕಡೆ ತಲೆ ಹಾಕುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಶಿವನಸಮುದ್ರಕ್ಕೆ ಕರೆದುಕೊಂಡು ಹೋದಾಗ, ಜಲಪಾತದ ಸದ್ದಿಗೇ ಹೆದರಿ ದೂರದ ಹೊಂಗೆ ಮರವೊಂದನ್ನು ಹಿಡಿದುಕೊಂಡು ನಿಂತಿದ್ದಳು. ರಾಮೇಶ್ವರಕ್ಕೆ “ನೀನೂ ಬಾ” ಎಂದು ಅವನು ಎರಡು ಸಲ ಕರೆದಿದ್ದ. “ಸುತ್ತ ನೀರಿರೋ ಊರಿಗೆ ನಾನೊಲ್ಲೆ” ಎಂದಿದ್ದಳು. ಅವನು ನಕ್ಕು ಸುಮ್ಮನಾಗಿದ್ದ. ಬೇಸರ ಮಾಡಿಕೊಂಡು ಹೋದನೇನೋ ಎಂಬ ಮುಳ್ಳು ಇಷ್ಟು ವರ್ಷ ಅವಳೊಳಗೆ ಮುರಿದುಕೊಂಡಿತ್ತು.

“ಇದನ್ನ ಆಗಲೇ ಬಂದು ಹೇಳಬೇಕಾಗಿತ್ತು” ಎಂದರು ವೆಂಕಟರಾಮಯ್ಯ. “ಯಾವ ಮುಖ ಹೊತ್ತುಕೊಂಡು ಬರಲಿ ತಾಯಿ? ಜೊತೆಗೆ ಹೋದೋನು ನಾನೊಬ್ಬನೇ ತಿರುಗಿ ಬಂದೆ.”

ಹೊರಡುವಾಗ ಅವರ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬಂದರು, ಯಾವ ಕೆಲಸಕ್ಕೆ ಹೊರಟವರೆಂದು ನೆನಪಾಗಿ ಬಾಗಿಲ ಬಳಿಯೇ ತಡವರಿಸಿದರು. ಸರಸಮ್ಮ ತಾನೇ ಹತ್ತಿರ ಹೋಗಿ ಬೆರಳು ಅದ್ದಿ ಹಣೆಗಿಟ್ಟುಕೊಂಡಳು.

ಆ ರಾತ್ರಿ ಮದ್ದೂರಿನ ಮನೆಯಲ್ಲಿ ಊಟವಾದ ಮೇಲೆ ಅವಳು ನಡುಮನೆಗೆ ಬಂದು ನಿಂತಳು. “ರಾಮಾನುಜ, ಅಮಾವಾಸ್ಯೆಗೆ ಎರಡು ದಿನ ಮುಂಚೆ ಹೋಗೋಣ. ಮೂರು ದಿನ ಅಲ್ಲಿರೋಣ. ಕರ್ಮ ಕೊನೇ ದಿನ ಆಗಲಿ.”

ರಾಮಾನುಜ ತಬ್ಬಿಬ್ಬಾದ. “ಅತ್ತಿಗೆ, ನಾವೇನು ಹವಾ ಬದಲಾವಣೆಗೆ ಹೋಗ್ತಿದ್ದೀವಾ? ಅಮ್ಮನಿಗೆ ವಯಸ್ಸಾಗಿದೆ, ಆ ಜನಜಂಗುಳಿಯಲ್ಲಿ ಕೋಣೆ ಸಿಗಬೇಕು, ನನಗೆ ರಜ ಸಿಗಬೇಕು. ಅಂಥ ಜಾಗದಲ್ಲಿ ಮೂರು ದಿನ ಕೂತು ಮಾಡೋದಾದರೂ ಏನು? ದುಃಖ ಹೆಚ್ಚಾಗುತ್ತೆ, ಅಷ್ಟೇ.”

“ಹೆಚ್ಚಾಗಲಿ.”

“ಜನ ಏನಂದಾರು?”

“ಎರಡು ದಿನ, ರಾಮಾನುಜ” ಎಂದಳು ಸರಸಮ್ಮ. “ಅವರು ಇರೋ ಊರಲ್ಲಿ ಎರಡು ದಿನ ಅವರ ಹೆಂಡತಿಯಾಗಿ ಇರ್ತೀನಿ. ಆಮೇಲೆ ನೀವು ಹೇಳಿದ ಹಾಗೆ.”

ಮೂಲೆಯಲ್ಲಿ ಜಪಸರ ಹಿಡಿದು ಕೂತಿದ್ದ ತಿರುಮಲಮ್ಮನವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಗಂಡ ಹೋದಾಗ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ ಕಾಲದವರು ಅವರು. “ಇವಳು ಈ ಮನೆಗೆ ಬಂದ ಮೇಲೆ ಬಾಯಿಬಿಟ್ಟು ಏನಾದರೂ ಕೇಳಿದ್ದು ನೋಡಿದ್ದೀಯೇನೋ?” ಎಂದರು ಮಗನಿಗೆ. “ಛತ್ರಕ್ಕೆ ಕಾಗದ ಬರಿ. ಮೂರು ದಿನಕ್ಕೆ.”

ಮಾರನೆಯ ದಿನದಿಂದ ಸರಸಮ್ಮ ಪ್ರಯಾಣಕ್ಕೆ ಅಣಿಮಾಡತೊಡಗಿದಳು. ಅತ್ತೆಯ ಮಡಿಗೆ ಬೇಕಾದ ತಾಮ್ರದ ಚೊಂಬು, ಸೀಮೆಎಣ್ಣೆ ಸ್ಟೌ, ಅವಲಕ್ಕಿ, ಹುಣಿಸೆಗೊಜ್ಜು. ಪುರೋಹಿತರು ಹೇಳಿದ ಎಳ್ಳು, ದರ್ಭೆಯ ಗಂಟನ್ನು ಬೇರೆ ಚೀಲದಲ್ಲಿ ಕಟ್ಟಿದಳು. ತನಗೆಂದು ಒಂದು ಹಸಿರು ಸೀರೆ ತೆಗೆದಿಟ್ಟಳು, ಗಂಡ ಮೈಸೂರಿನಿಂದ ತಂದದ್ದು. ರಂಗನಾಯಕಿ ಅದನ್ನು ನೋಡಿ ಏನೋ ಕೇಳಹೋಗಿ ಕೇಳಲಿಲ್ಲ, ಸುಮ್ಮನೆ ಇಸ್ತ್ರಿ ಮಾಡಿ ಮಡಿಸಿ ಕೊಟ್ಟಳು. ಅವಳನ್ನು ಚಿಕ್ಕಮ್ಮನ ಜೊತೆ ಮಂಡ್ಯದಲ್ಲಿ ಬಿಟ್ಟು ಮೂವರೂ ಹೊರಟರು.

ಪಾಂಬನ್ ಸೇತುವೆಯ ಮೇಲೆ ಗಾಡಿ ನಿಧಾನವಾಯಿತು. ಎರಡು ಕಡೆಯೂ ನೀರು, ಕೆಳಗೂ ನೀರು. ಸರಸಮ್ಮ ಕಣ್ಣು ಮುಚ್ಚಿ ಅತ್ತೆಯ ಮೊಣಕೈ ಹಿಡಿದಳು.

ಛತ್ರದ ಮಹಡಿಯ ಕೋಣೆ ಸಿಗಲಿಲ್ಲ. ಅದನ್ನು ಆಗಲೇ ಯಾವುದೋ ದೊಡ್ಡ ಸಂಸಾರಕ್ಕೆ ಕೊಟ್ಟಾಗಿತ್ತು. ಹಳೆಯ ಪಾರುಪತ್ತೇದಾರನೂ ಇರಲಿಲ್ಲ. ಕೆಳಗಿನ ಒಂದು ಕತ್ತಲೆ ಕೋಣೆಯಲ್ಲಿ, ಕೊಯಮತ್ತೂರಿನ ಯಾತ್ರಿಕರ ಗಂಟುಮೂಟೆಗಳ ಪಕ್ಕದಲ್ಲಿ ಜಾಗ ಮಾಡಿಕೊಂಡರು. ಸರಸಮ್ಮ ಹಸಿರು ಸೀರೆ ಉಟ್ಟು, ದೇವಸ್ಥಾನದ ಮುಂದಿನ ಕಡಲ ದಂಡೆಗೆ ಹೋಗಿ ದೂರದಲ್ಲಿ ಕೂತಳು. ಹೆಣ್ಣೊಬ್ಬಳು ಹೂವು ಹೂವು ಎನ್ನುತ್ತ ಬಂದಳು. ಸರಸಮ್ಮ ಒಂದು ಮೊಳ ಮಲ್ಲಿಗೆ ಕೊಂಡು ಮುಡಿದಳು.

ಇಷ್ಟು ವರ್ಷ ಅವಳ ಕನಸಿನಲ್ಲಿ ಬರುತ್ತಿದ್ದ ಸಮುದ್ರ ತೆಂಗಿನ ಮರದುದ್ದ ಎದ್ದು ಬೋರಿಡುತ್ತಿತ್ತು. ಇಲ್ಲಿ ನೋಡಿದರೆ ಅಲೆಯೇ ಇಲ್ಲ. ಊರ ಕೆರೆಯ ಹಾಗೆ ತೆಪ್ಪಗೆ ಮಲಗಿದೆ, ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಆಡುತ್ತಿವೆ. ಅವಳಿಗೆ ಭಯವಾಗಲಿಲ್ಲ, ತಡೆಯಲಾರದಷ್ಟು ಸಿಟ್ಟು ಬಂತು. ಇಷ್ಟು ಸಾಧುವಾಗಿ ಇರಲು ಗೊತ್ತಿದ್ದ ನೀರು ಆ ಒಂದು ದಿನ ಇರಬಾರದಿತ್ತೇ? ಬಿಸಿಲು ಇಳಿಯುವವರೆಗೆ ಅದನ್ನೇ ನೋಡುತ್ತ ಕೂತಳು.

ಎರಡನೆಯ ದಿನ ರಾಮಾನುಜ ಧನುಷ್ಕೋಟಿಗೆ ಹೋಗಲಾದೀತೇ ಎಂದು ವಿಚಾರಿಸಿ ಬಂದ. ಅಲ್ಲಿ ಈಗ ಊರಿಲ್ಲ, ಮರಳು ಮತ್ತು ಮುರಿದ ಗೋಡೆ, ಮುದುಕಿಯನ್ನು ಕರೆದುಕೊಂಡು ಹೋಗುವ ದಾರಿಯಲ್ಲ ಎಂದರಂತೆ. ಸರಸಮ್ಮ ಹೂಂ ಎಂದಳು. ಸಾಯಂಕಾಲ ಅತ್ತೆ ಸೊಸೆ ಇಬ್ಬರೇ ದಂಡೆಗೆ ಹೋದರು. ಸರಸಮ್ಮ ಚಪ್ಪಲಿ ಬಿಟ್ಟು ನೆರಿಗೆ ಎತ್ತಿಹಿಡಿದು ನಿಂತಳು. ಕಾಲು ಮುಂದಕ್ಕೆ ಬರಲಿಲ್ಲ. ತಿರುಮಲಮ್ಮನವರು ತಾವೇ ಮೊದಲು ಇಳಿದು ಕೈ ಚಾಚಿದರು. ನೀರು ಪಾದ ಮುಟ್ಟಿತು. ಬೆಚ್ಚಗಿತ್ತು.

“ನಾನೇ ಕಳಿಸಿದ್ದು” ಎಂದರು ತಿರುಮಲಮ್ಮ, ಸಮುದ್ರದ ಕಡೆಗೆ ಮುಖ ಮಾಡಿಕೊಂಡು. “ಹರಕೆ ಹರಕೆ ಅಂತ ನಾನೇ ಅವನ ಪ್ರಾಣ ತಿಂದೆ.”

“ನಾನೂ ಜೊತೇಲಿ ಬರೋಲ್ಲ ಅಂದೆ ಅಮ್ಮ.”

“ಬಂದಿದ್ದರೆ ನೀನೂ ಹೋಗ್ತಿದ್ದೆ.”

“ಇಲ್ಲ, ನಾನು ಬಂದಿದ್ದರೆ ಅವರು ಆ ಗಾಳಿಯಲ್ಲಿ ಹೊರಡ್ತಿರಲಿಲ್ಲ. ನಾನು ಬಿಡ್ತಿರಲಿಲ್ಲ.”

ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇಷ್ಟು ವರ್ಷ ಇದ್ದೂ ಇಬ್ಬರೂ ಈ ಮಾತನ್ನು ಆಡಿರಲಿಲ್ಲ. ಕೈ ಬಿಡದೆ ಹಾಗೇ ನಿಂತಿದ್ದರು.

ಅಮಾವಾಸ್ಯೆಯ ಬೆಳಿಗ್ಗೆ ದಂಡೆಯ ತುಂಬ ಜನ. ಆ ನೂಕುನುಗ್ಗಲಿನಿಂದ ದೂರ ಒಂದು ಮೂಲೆಯಲ್ಲಿ ಪುರೋಹಿತರು ದರ್ಭೆಯನ್ನು ಕಟ್ಟಿ ಒಂದು ಆಕೃತಿ ಮಾಡಿದರು, ಮೊಳದುದ್ದ. ತಲೆ, ತೋಳು, ಕಾಲು. ಹೆಸರು, ಗೋತ್ರ, ನಕ್ಷತ್ರ ಹೇಳಿಸಿದರು. ರಾಮಾನುಜ ಅಣ್ಣನ ಹೆಸರು ಹೇಳುವಾಗ ಎರಡು ಸಲ ತಡೆದ. ಬೆಂಕಿ ಮುಟ್ಟಿಸಿದ್ದೇ ತಡ, ಒಣಹುಲ್ಲು ಭಗ್ಗೆಂದು ಹತ್ತಿಕೊಂಡಿತು, ಕಣ್ಣು ಮಿಟುಕಿಸುವುದರೊಳಗೆ ಬೂದಿಯಾಯಿತು. ಹನ್ನೆರಡು ವರ್ಷ ಕಾದದ್ದು ಅಷ್ಟು ಬೇಗ ಉರಿದುಹೋದದ್ದನ್ನು ಕಂಡು ಸರಸಮ್ಮನಿಗೆ ಅಳುವುದಕ್ಕೂ ಹೊತ್ತು ಸಾಲಲಿಲ್ಲ ಎನ್ನಿಸಿತು. ಬೂದಿಯನ್ನು ನೀರಿಗೆ ಬಿಟ್ಟರು. ಅವಳು ಯಾರ ಕೈಯನ್ನೂ ಹಿಡಿಯದೆ ಸೊಂಟದುದ್ದ ನೀರಿಗೆ ಇಳಿದು, ಮೂಗು ಹಿಡಿದು ಮುಳುಗಿದಳು. ಮೇಲೆ ಬಂದಾಗ ಹಣೆಯಲ್ಲಿ ಕುಂಕುಮ ಇರಲಿಲ್ಲ.

ಬಳೆ ಒಡೆಯಲು ಕಲ್ಲು ತಂದ ಹೆಂಗಸನ್ನು ತಿರುಮಲಮ್ಮನವರು ಆಚೆಗೆ ಕಳಿಸಿದರು. ಒಂದೊಂದನ್ನೇ ತಾವೇ ಬಿಡಿಸಿ, ತಾಳಿಯನ್ನು ತೆಗೆದು ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ ಸೊಸೆಯ ಮಡಿಲಿಗೆ ಹಾಕಿದರು. “ಇಷ್ಟು ಸಾಕು” ಎಂದರು. “ನನಗೆ ಮಾಡಿದ್ದನ್ನ ನಿನಗೆ ಮಾಡಿಸೋಲ್ಲ.” ಆಗ ಸರಸಮ್ಮ ಅತ್ತಳು. ಮರಳಿನ ಮೇಲೆ ಕುಸಿದು, ಸುತ್ತಲಿನ ಜನ ತಿರುಗಿ ನೋಡುವ ಹಾಗೆ, ಹೆತ್ತ ತಾಯಿಯನ್ನು ಕರೆದು ಅತ್ತಳು.

ವೈಶಾಖದಲ್ಲಿ ಮದ್ದೂರಿನ ಛತ್ರದಲ್ಲಿ ರಂಗನಾಯಕಿಯ ಮದುವೆ ನಡೆಯಿತು. ಲಗ್ನಪತ್ರಿಕೆಯಲ್ಲಿ ‘ದಿವಂಗತ’ ಎಂದೇ ಅಚ್ಚಾಗಿತ್ತು. ರಾಮಾನುಜ ದಂಪತಿಗಳು ಧಾರೆಗೆ ಕೂತರು. ಮಂಟಪಕ್ಕೆ ಹೋಗುವ ಮುಂಚೆ ರಂಗನಾಯಕಿ ಉಗ್ರಾಣಕ್ಕೆ ಬಂದು, “ನೀನು ಬರದಿದ್ದರೆ ನಾನೂ ಹೋಗೋಲ್ಲಮ್ಮ” ಎಂದು ಕೈ ಹಿಡಿದು ಎಳೆದಳು. ಸರಸಮ್ಮ ಒಪ್ಪಲಿಲ್ಲ. “ನಾಳೆ ಅವರ ಮನೇಲಿ ನೀನು ಬಾಳಬೇಕು. ಏನಾದರೂ ಒಂದು ಸಣ್ಣ ತೊಂದರೆ ಬಂದರೂ ಇವತ್ತಿನದನ್ನ ನೆನೆಸಿಕೊಂಡು ಆಡ್ತಾರೆ. ಹೋಗು, ಮುಹೂರ್ತ ಮೀರುತ್ತೆ” ಎಂದು ಮಗಳ ಕಣ್ಣೊರೆಸಿ ಕಳಿಸಿದಳು.

ಅಕ್ಕಿಮೂಟೆಗಳ ನಡುವೆ ಚಾಪೆ ಹಾಸಿಕೊಂಡು ಅತ್ತೆ ಸೊಸೆ ಕೂತರು. ಗೋಡೆಯಾಚೆ ಮಂತ್ರ ಕೇಳುತ್ತಿತ್ತು. ತಿರುಮಲಮ್ಮನವರು ಕಿವಿ ಮಂದವಾಗಿ, “ಈಗೇನು? ಈಗೇನು?” ಎಂದು ಕೇಳುತ್ತಿದ್ದರು. ಸರಸಮ್ಮ ಹೇಳುತ್ತಿದ್ದಳು: ಈಗ ಅಂತರಪಟ, ಈಗ ಧಾರೆ. ಓಲಗದವರು ಗಟ್ಟಿಮೇಳ ಹಿಡಿದಾಗ ಅದು ಮುದುಕಿಗೂ ಕೇಳಿಸಿತು. ಅವರು ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಅಲುಗುವ ಹಾಗೆ ಬಿಕ್ಕತೊಡಗಿದರು. ರಾಮೇಶ್ವರದಲ್ಲೂ ಅಳದವರು, ಈ ಹನ್ನೆರಡು ವರ್ಷವೂ ಅಳದವರು. ಸರಸಮ್ಮ ಅವರ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡು ಬೆನ್ನು ಸವರಿದಳು. “ಆಯಿತು ಅಮ್ಮ, ಆಯಿತು” ಎನ್ನುತ್ತಿದ್ದಳು, ಯಾವುದು ಆಯಿತೆಂದು ತನಗೂ ತಿಳಿಯದೆ.

ಗಟ್ಟಿಮೇಳ ನಿಂತು, ಮೊದಲ ಪಂಕ್ತಿಗೆ ಎಲೆ ಹಾಕುವ ಗಲಾಟೆ ಎದ್ದಿತು. ಬಡಿಸುವವನೊಬ್ಬ ಬಾಗಿಲಲ್ಲಿ ಇಣುಕಿ ತುಪ್ಪ ಕೇಳಿದ. ಸರಸಮ್ಮ ಅತ್ತೆಯ ತಲೆಯನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು, ಎದ್ದು, ತುಪ್ಪದ ಪಾತ್ರೆ ಎತ್ತಿಕೊಟ್ಟಳು.